ಮೂಲೆ ಟೇಬಲ್ಲಿನವರು ಹೇಳಿದ್ದು

ಜೂನ್ 2, ಸೋಮವಾರ. ಸಂಜೆ

ಮಾನ್ಯ ಅಧ್ಯಕ್ಷರಾದ ಮೈದಾ ಮೂಟೆಯವರೇ, ವೇದಿಕೆ ಹಂಚಿಕೊಂಡಿರುವ ಸಕ್ಕರೆ ಡಬ್ಬಿಗಳೇ, ಮುಂದಿನ ಸಾಲಿನಲ್ಲಿ ಮುದುಡಿ ಕೂತಿರುವ ನಿನ್ನೆಯ ಬನ್ನುಗಳೇ, ನೆರೆದ ಸಮಸ್ತ ಸಭಿಕರೇ—

ಇಂದಿನ ಗೋಷ್ಠಿಯ ವಿಷಯ: 'ನಮ್ಮ ಬೇಕರಿ, ಗಿರಾಕಿಗಳು ಕಂಡಂತೆ'. ಮಂಡಿಸುತ್ತಿರುವವಳು ಬೇಕರಿ ನಡೆಸುವವನ ತಂಗಿ. ವಯಸ್ಸು ನಲವತ್ತೈದು, ಕನ್ನಡ ಮಾಧ್ಯಮದ ಬಿ.ಎ. ಅಚ್ಚುಮನೆಯೊಂದರಲ್ಲಿ ಬಹಳ ವರ್ಷ ಕರಡು ತಿದ್ದಿ, ಅದು ಮುಚ್ಚಿದ ಮೇಲೆ ಇಲ್ಲಿ ಕೌಂಟರಿನ ಹಿಂದಿನ ಸ್ಟೂಲಿಗೆ ಬಂದು ಕೂತವಳು. ಪ್ರಾಸದ ಚಟವಿದೆ. ಬೇರೆ ಚಟಗಳಿಲ್ಲ. ಚಪ್ಪಾಳೆ ಸಾಕು.

ವರದಿ ಹೀಗಿದೆ. ಬೆಳಿಗ್ಗೆ ಮೊದಲಿಗೆ ಮಹಡಿಯ ಹಲ್ಲಿನ ಡಾಕ್ಟರು. ಅರ್ಧ ಬ್ರೆಡ್ಡು, ಒಂದು ಕಾಫಿ. "ನಿಮ್ಮಣ್ಣಂಗೆ ಹೇಳಮ್ಮ, ಹೊರಪದರ ಹೀಗೇ ಗಟ್ಟಿಯಾಗಿರ್ಲಿ. ಬೆಳಿಗ್ಗೆ ನೀವು ಮಾರಿದ್ದು ಸಂಜೆ ನನ್ನ ಕುರ್ಚೀಲಿ ಬಾಯಿ ತೆರ್ಕೊಂಡು ಕೂತಿರುತ್ತೆ" ಅಂದರು. ಆಮೇಲೆ ಲೆಕ್ಕದ ಮೇಷ್ಟ್ರು. ಅವರು ನಿವೃತ್ತರು, ಅವರ ಕೂದಲು ಅವರಿಗಿಂತ ಮುಂಚೆ ನಿವೃತ್ತ. ದಿನಾ ಒಂದು ತುಂಡು ಅಲ್ಲೇ ನಿಂತು ತಿಂದು ಮಾರ್ಕ್ಸ್ ಹಾಕುವುದು ಅವರ ರೂಢಿ. "ನೂರಕ್ಕೆ ಎಪ್ಪತ್ತೆರಡು. ಮೊನ್ನೆಗಿಂತ ಹುಳಿ ಇದೆ." ಫೋನಿನಲ್ಲಿ ಯಾರೋ ಮುಖ ತೋರಿಸದ ಮಹಾಶಯರು ಐದರಲ್ಲಿ ಎರಡು ನಕ್ಷತ್ರ ಕೊಟ್ಟು ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆದಿದ್ದಾರೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಬೈಗುಳವನ್ನು ಡಿಕ್ಷನರಿ ನೋಡಿ ಅರ್ಥ ಮಾಡಿಕೊಳ್ಳುವುದರಲ್ಲಿ ಒಂದು ಅನುಕೂಲವಿದೆ: ನಿಧಾನಕ್ಕೆ ನೋಯುತ್ತದೆ. ಸಾರಾಂಶ— ಹುಳಿ.

ಸಂಜೆ ಶಟರ್ ಅರ್ಧ ಎಳೆದ ಮೇಲೆ ಕಿಂಡಿಯ ಮುಂದೆ ಓದು. ಅಡುಗೆಕೋಣೆಗೂ ಅಂಗಡಿಗೂ ನಡುವೆ ಒಂದು ಕಿಂಡಿ. ಬ್ರೆಡ್ಡು ಅದರಿಂದಲೇ ಹೊರಬರುತ್ತದೆ. ಅಣ್ಣ ಮಾತ್ರ ಹೊರಬರುವುದಿಲ್ಲ. ಗಿರಾಕಿಗಳ ಮುಖ ನೋಡಿದರೆ ಕೈ ನಡುಗುತ್ತದಂತೆ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು "ಇವತ್ತು ಏನಂದ್ರು?" ಅಂತಾನೆ. ಅತ್ತಿಗೆ ಫೆಬ್ರವರಿಯಲ್ಲಿ ತೀರಿಹೋದ ಮೇಲೆ ಶುರುವಾದದ್ದು ಇದು. ದುಃಖದಲ್ಲಿರುವವನಿಗೆ ನಾಲ್ಕು ಮಾತು ಬೇಕು ಅಂದುಕೊಂಡೆ.

ನಾನು ಓದಿದ್ದು:

ಹುಳಿಯಿದ್ದರೇನು, ಕಳೆಯಿದೆ;
ಒಣ ನಾಲಿಗೆಗೆ ಮಳೆಯಿದೆ.

ಕರಡು ತಿದ್ದಿದ ಕೈ. ಸುಮ್ಮನಿರುವುದಿಲ್ಲ. ಅಣ್ಣ ನಕ್ಕ. ಫೆಬ್ರವರಿಯಿಂದ ಮೊದಲ ಸಲ.

ಜೂನ್ 4, ಬುಧವಾರ

ಇವತ್ತು ಸಭೆ ಇಲ್ಲ.

ಬೆಳಿಗ್ಗೆ ಬರುವಾಗ ಬೀದಿ ತಿರುವಿನಲ್ಲೇ ಸುಟ್ಟ ವಾಸನೆ. ಓಡಿದೆ. ಅಡುಗೆಕೋಣೆ ಹೊಗೆಯಾಡುತ್ತಿದೆ. ಓವನ್‌ಗೆ ಬೆನ್ನು ಹಾಕಿ, ಒಂದು ಮಾರು ದೂರದಲ್ಲಿ, ಅಣ್ಣ ಗುನುಗುತ್ತ ಹಿಟ್ಟು ನಾದುತ್ತಿದ್ದಾನೆ.

"ಅಣ್ಣಾ! ಸುಟ್ಟು ಹೋಗ್ತಿದೆ!"

"ಯಾವುದು?"

"ಯಾವುದು ಅಂತ ಕೇಳ್ತೀಯಲ್ಲಾ! ಬೀದಿಗೆಲ್ಲ ವಾಸನೆ ಬಂದಿದೆ!"

ತಿರುಗಿದ. ಕಣ್ಣಿಗೆ ಹೊಗೆ ಕಂಡ ಮೇಲೆ ಗಾಬರಿಯಾದ. ಟ್ರೇ ಎಳೆದೆವು. ಬನ್ನುಗಳೆಲ್ಲ ಇದ್ದಿಲು. ಕಿಟಕಿ ತೆಗೆದೆ. ಅಣ್ಣ ಬಕೆಟ್ಟಿನ ಮೇಲೆ ಕೂತ. ನೆಲ ನೋಡುತ್ತ ಹೇಳಿದ.

"ನಂಗೆ ವಾಸನೆ ಬರಲ್ಲ ಕಣೇ."

"ನೆಗಡೀನಾ?"

"ಆ ದೊಡ್ಡ ಜ್ವರ ಬಂದಿತ್ತಲ್ಲ, ನೀನಿನ್ನೂ ಅಚ್ಚುಮನೇಲಿದ್ದೆ. ಅವತ್ತಿಂದ. ಮೂಗೂ ಹೋಯ್ತು, ನಾಲಿಗೇನೂ ಹೋಯ್ತು. ಬಿಸಿ ಗೊತ್ತಾಗುತ್ತೆ, ಮೆತ್ತಗಿದ್ಯಾ ಗಟ್ಟಿ ಇದ್ಯಾ ಗೊತ್ತಾಗುತ್ತೆ. ಅಷ್ಟೆ."

"ಮತ್ತೆ ಇಷ್ಟು ವರ್ಷ..."

"ಅವಳಿದ್ದಳಲ್ಲ."

ಆಗ ತಿಳಿಯಿತು. ದಿನಾ ಬೆಳಿಗ್ಗೆ ಅತ್ತಿಗೆ ಮೊದಲ ಬ್ರೆಡ್ಡಿನ ತುದಿ ಕತ್ತರಿಸಿ, ಕಣ್ಣು ಮುಚ್ಚಿ ಅಗಿದು, ಕಿಂಡಿಯೊಳಗೆ ಒಂದು ಮಾತು ಎಸೆಯುತ್ತಿದ್ದಳು. "ಇವತ್ತಿನವನು ಇನ್ನೂ ನಿದ್ದೆಗಣ್ಣಲ್ಲಿದ್ದಾನೆ." "ಇವನಿಗೆ ಯಾರೋ ಬೈದಿದಾರೆ, ಮುಖ ಹುಳ್ಳಗಿದೆ." ನಾವು ನಗುತ್ತಿದ್ದೆವು. ಗಂಡಹೆಂಡಿರ ಸರಸ ಅಂದುಕೊಂಡಿದ್ದೆವು. ಒಳಗೆ ಅಣ್ಣ ಮರುಮಾತಿಲ್ಲದೆ ಏನೋ ಒಂದು ಬದಲಾಯಿಸುತ್ತಿದ್ದ. ಅದು ಸರಸವಲ್ಲ. ಅವನ ನಾಲಿಗೆ ಕಿಂಡಿಯ ಈಚೆ ಕಡೆ ಇತ್ತು.

"ಈಗ?" ಅಂದೆ.

"ಈಗ ಸಂಜೆ ನೀನು ಓದ್ತೀಯಲ್ಲ, ಜನ ಏನಂದ್ರು ಅಂತ. ಅದನ್ನೇ ಹಿಡ್ಕೊಂಡು ನಡೀತಿದೀನಿ."

ಜೂನ್ 7, ಶನಿವಾರ

ಮೂರು ದಿನ ಕಿಂಡಿಯಲ್ಲಿ ತಟ್ಟೆ ಬಂತು. ತಟ್ಟೆಯಲ್ಲಿ ಬ್ರೆಡ್ಡಿನ ತುದಿ.

"ನೀನು ತಿಂದು ಹೇಳು."

ತಿಂದೆ. ಹುಳಿ. ದವಡೆಯ ಹಿಂದೆ ಚುರ್ ಎನ್ನುವ ಹುಳಿ. ನಮ್ಮಲ್ಲಿ ಪ್ಯಾಕೆಟ್ಟಿನ ಯೀಸ್ಟ್ ಹಾಕುವುದಿಲ್ಲ. ಹಿಂದಿನ ಹಿಟ್ಟಿನ ಹುಳಿಯಿಂದಲೇ ಹೊಸ ಹಿಟ್ಟು ಉಬ್ಬಬೇಕು. ಎಷ್ಟು ಹೊತ್ತು ಹೊರಗೆ ಬಿಡಬೇಕು, ಯಾವಾಗ ಫ್ರಿಜ್ಜಿಗೆ ಸೇರಿಸಬೇಕು, ಇದೆಲ್ಲ ಮೂಗು ಹೇಳುವ ಮಾತು. ಸೆಕೆ ಬೇರೆ.

ಕಿಂಡಿಯಾಚೆ ಅಣ್ಣನ ಕಣ್ಣು. ಪರೀಕ್ಷೆಯ ಫಲಿತಾಂಶದ ಬೋರ್ಡಿನ ಮುಂದೆ ನಿಂತ ಹುಡುಗನ ಕಣ್ಣು.

"ಚೆನ್ನಾಗಿದೆ" ಅಂದೆ. ಮಾರನೆಯ ದಿನ "ಬಹಳ ಚೆನ್ನಾಗಿದೆ". ಇವತ್ತು ಒಂದು ಪ್ರಾಸವನ್ನೂ ಸೇರಿಸಿದೆ.

ಅಣ್ಣ ತಟ್ಟೆ ಒಳಗೆ ಎಳೆದುಕೊಂಡ. ಸಿಟ್ಟೇನಿಲ್ಲ.

"ನೀನು ಬಿಡು ಪ್ರಾಸಮ್ಮ. ನಿನಗೆ ಪ್ರಾಸ ಸಿಕ್ಕರೆ ನಿಜ ಬಿಟ್ಟು ಅದರ ಹಿಂದೆ ಓಡ್ತೀಯ. ನೀನು ನನ್ನ ತಂಗಿ, ನನ್ನ ತಪ್ಪು ಹೇಳೋ ಬಾಯಿ ನಿನಗೆ ಎಲ್ಲಿಂದ ಬರಬೇಕು? ಗಿರಾಕಿ ಮಾತು ಸಾಕು ನಂಗೆ. ಅವರಿಗೆ ನನ್ನ ಮೇಲೆ ಪ್ರೀತಿ ಇಲ್ಲ."

ಪ್ರಾಸಮ್ಮ— ಅತ್ತಿಗೆ ಇಟ್ಟ ಹೆಸರು.

ಸಂಜೆ ಗಿರಾಕಿಗಳ ಮಾತು ಓದಬೇಕು. ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೇ. ನಿರ್ಧಾರ ಮಾಡಿಯಾಯಿತು.

ಅದೇ ದಿನ, ಅಂಗಡಿ ಮುಚ್ಚಿದ ಮೇಲೆ

ಓದಿದೆ. ಇದ್ದ ಹಾಗೆ ಓದಲಿಲ್ಲ. "ವಿನೆಗರ್ ಥರ ಇದೆ" ಅಂದಿದ್ದರು ಒಬ್ಬರು. ಬಾಯಿ ತೆರೆದಾಗ ಬಂದದ್ದು "ಹುಳಿ ಜನಕ್ಕೆ ಹಿಡಿಸಿದೆ". ಕೈಯಲ್ಲೊಂದು ಕೆಂಪು ಪೆನ್ನು ಇಲ್ಲ, ಅಷ್ಟೇ ವ್ಯತ್ಯಾಸ.

ಜೂನ್ 14, ಶನಿವಾರ

ಸಭಿಕರೇ, ಒಂದು ಸಂತಾಪ ನಿರ್ಣಯ.

ಇವತ್ತು ಮೇಷ್ಟ್ರು ಐವತ್ತೆಂಟು ಹಾಕಿದರು. ಒಬ್ಬ ತಾಯಿ ನಿನ್ನೆಯ ಬ್ರೆಡ್ಡನ್ನು ಕಾಗದದ ಚೀಲದ ಸಮೇತ ವಾಪಸ್ ತಂದು ಮೆಲ್ಲಗೆ ಕೌಂಟರಿನ ಮೇಲಿಟ್ಟಳು. "ಏನೂ ಅಂದ್ಕೋಬೇಡಿ. ಮಗು ಮುಖ ಕಿವುಚ್ತು. ಮುಂಚೆ ಇದನ್ನ ಕೇಳಿ ಕೇಳಿ ತಿಂತಿದ್ಲು." ಏನೂ ಅಂದುಕೊಳ್ಳಲಿಲ್ಲ. ಬದಲಿಗೆ ಬಿಸ್ಕತ್ತು ಕೊಟ್ಟೆ.

ಕಾಫಿ ಯಂತ್ರ ನೋಡಿಕೊಳ್ಳುವವಳಿಗೆ ನಾವು ಗುಡುಗಮ್ಮ ಅನ್ನುತ್ತೇವೆ. ಬೀಜ ಪುಡಿ ಮಾಡುವ ಯಂತ್ರಕ್ಕಿಂತ ಇವಳ ದನಿ ಜೋರು. ಅವಳೂ ಇವತ್ತು ಸಣ್ಣ ದನಿಯಲ್ಲಿ ಹೇಳಿದಳು: "ಅಕ್ಕಾ, ಕಾಫಿ ಜೊತೆ ಬ್ರೆಡ್ ತಗೋತಿದ್ದೋರೆಲ್ಲ ಈಗ ಬರೀ ಕಾಫಿ ಸಾಕು ಅಂತಿದಾರೆ. ನನ್ನ ಕಾಫಿ ಅಷ್ಟೊಂದು ಚೆನ್ನಾಗಾಗಿಬಿಡ್ತಾ?"

ಸಂಜೆ ಕಿಂಡಿ.

"ಹುಳಿ ಜನಕ್ಕೆ ಹಿಡಿಸಿದೆ ಅಂದ್ಯಲ್ಲ" ಅಂದ ಅಣ್ಣ, ಉತ್ಸಾಹದಲ್ಲಿ. "ಒಂದು ವಾರದಿಂದ ಹಿಟ್ಟನ್ನ ಇನ್ನೂ ಸ್ವಲ್ಪ ಹೊತ್ತು ಹೊರಗೇ ಬಿಡ್ತಿದೀನಿ. ಗಮನಿಸಿದ್ರಾ ಜನ?"

ಆ ತಾಯಿ ವಾಪಸ್ ತಂದ ಚೀಲವನ್ನು ಕಾಲಿನಿಂದ ಕೌಂಟರಿನ ಕೆಳಗೆ ತಳ್ಳಿದೆ.

"ಗಮನಿಸಿದ್ರು" ಅಂದೆ. ಈ ತಿಂಗಳು ನಾನು ಹೇಳಿದ ಒಂದೇ ನಿಜ.

ಜೂನ್ 28, ಶನಿವಾರ. ಮಧ್ಯಾಹ್ನ

ಎರಡು ವಾರ ಬರೆಯಲಿಲ್ಲ. ಬರೆದರೆ ಓದಬೇಕಾಗುತ್ತದೆ.

ಮೇಷ್ಟ್ರು ಬರುವುದು ನಿಂತಿದೆ. ಇವತ್ತು ತರಕಾರಿ ಅಂಗಡಿ ಮುಂದೆ ಎದುರಾದರು. ಕೈಯಲ್ಲಿ ಪ್ಲಾಸ್ಟಿಕ್ಕಿನ ಒಳಗೆ ಸಾಲಾಗಿ ಕತ್ತರಿಸಿಟ್ಟ ಬಿಳೀ ಬ್ರೆಡ್ಡು. ನನ್ನನ್ನು ನೋಡಿ ಬೆನ್ನ ಹಿಂದೆ ಸೇರಿಸಿದರು. ಕಾಪಿ ಹೊಡೆದು ಸಿಕ್ಕಿಬಿದ್ದವರ ಹಾಗೆ.

"ನೋಡಿಬಿಟ್ಟೆ ಮೇಷ್ಟ್ರೇ."

"ನೋಡಿದ್ಯಾ..." ಪ್ಯಾಕೆಟ್ಟು ಮುಂದೆ ಬಂತು. "ಇದಕ್ಕೆ ಮಾರ್ಕ್ಸ್ ಹಾಕೋ ಹಾಗೇ ಇಲ್ಲ ತಾಯಿ. ಇದು ಪರೀಕ್ಷೆಗೇ ಕೂತಿಲ್ಲ."

"ಮತ್ತೆ ನಮ್ಮಲ್ಲಿಗೆ?"

ಪ್ಯಾಕೆಟ್ಟನ್ನು ಕಂಕುಳಿಗೆ ಸೇರಿಸಿದರು. "ಹುಡುಗ ಫೇಲಾದ್ರೆ ಬೇಜಾರಿಲ್ಲ ನಂಗೆ. ಮಾರ್ಕ್ಸ್ ನೋಡಿ ಓದ್ತಾನೆ ಅಂತ ಗೊತ್ತಿದ್ರೆ ಫೇಲೂ ಮಾಡ್ತೀನಿ. ಆದ್ರೆ ನಾನು ಹಾಕಿದ್ದು ಒಳಗೆ ತಲುಪ್ತಾನೇ ಇಲ್ಲ ಅನ್ಸುತ್ತೆ. ತಲುಪದೇ ಇರೋ ಮಾರ್ಕ್ಸ್ ಯಾಕೆ ಹಾಕ್ಲಿ, ಹೇಳು?"

ತರಕಾರಿ ಕೊಳ್ಳದೆ ವಾಪಸ್ ಬಂದೆ.

ಸಂಜೆ

ಕಿಂಡಿಯಲ್ಲಿ ಉಳಿದ ಬ್ರೆಡ್ಡುಗಳ ಸಾಲು. ಅಣ್ಣ ಒಂದೊಂದನ್ನೇ ಮುಟ್ಟಿ ನೋಡುತ್ತಿದ್ದ. ಮುಟ್ಟಿದರೆ ಮಾತ್ರ ಗೊತ್ತಾಗುತ್ತದಲ್ಲ ಅವನಿಗೆ.

"ಎಲ್ಲರೂ ಹೊಗಳ್ತಾರೆ, ಯಾರೂ ತಿನ್ನಲ್ಲ. ಇದೆಂಥ ಪ್ರೀತಿ?"

ನಾನು ಕೌಂಟರ್ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

"ನೀನು ಓದೋದರಲ್ಲಿ ತಪ್ಪಿಲ್ಲ ಬಿಡು. ಜನಕ್ಕೆ ಮುಖದ ಮೇಲೆ ಹೇಳೋಕೆ ಸಂಕೋಚ. ಅವಳು ಒಬ್ಬಳೇ ಹೇಳ್ತಿದ್ದಿದ್ದು." ಬಕೆಟ್ಟಿನ ಮೇಲೆ ಕೂತ. "ನನ್ನ ಕೈ ಹೋಯ್ತು ಅನ್ಸುತ್ತೆ ಕಣೇ. ಜುಲೈ ತಿಂಗಳೊಂದು ನೋಡೋಣ. ಆಮೇಲೆ ಓವನ್ ಆರಿಸಿಬಿಡ್ತೀನಿ. ಕೆಟ್ಟ ಬ್ರೆಡ್ ಕೊಟ್ಟವನು ಅನ್ನಿಸ್ಕೊಂಡು ಮುಚ್ಚೋದು ಬೇಡ."

ಅವನಿಗೆ ಬೇರೇನೂ ಬರುವುದಿಲ್ಲ. ಬೇಡವೂ ಬೇಡ. ಬೆಳಿಗ್ಗೆ ಎದ್ದು ಹಿಟ್ಟು ಮುಟ್ಟದೆ ಇದ್ದರೆ ಆ ಮನುಷ್ಯ ಏನು ಮಾಡುತ್ತಾನೆ? ಪ್ರಾಸ ಹುಡುಕಿದೆ, ಅಭ್ಯಾಸ ನೋಡಿ. ಸಿಗಲಿಲ್ಲ.

ಜುಲೈ 3, ಗುರುವಾರ

ಸಭಿಕರೇ, ಆಕಳಿಕೆ ನಿಲ್ಲಿಸಿ. ಹೊಸ ಪಾತ್ರದ ಪ್ರವೇಶ.

ಹನ್ನೊಂದರ ಸುಮಾರಿಗೆ ಅಂಗಡಿ ಖಾಲಿ. ಗುಡುಗಮ್ಮ ಹಿತ್ತಲಲ್ಲಿ ಕಪ್ಪು ತೊಳೆಯುತ್ತಿದ್ದಳು. ಒಬ್ಬ ಹೆಂಗಸು ಬಂದರು. ವಯಸ್ಸು ಹೇಳಲಾಗದು. ಕನ್ನಡಕ, ಕಂದು ಬಣ್ಣದ ಛತ್ರಿ. ನೇರವಾಗಿ ಹೋಗಿ ಮೂಲೆ ಟೇಬಲ್ಲಿನಲ್ಲಿ ಕೂತರು. ಅಲ್ಲಿ ಯಾರೂ ಕೂರುವುದಿಲ್ಲ. ಅದರ ಒಂದು ಕಾಲು ಗಿಡ್ಡ, ಮುಟ್ಟಿದರೆ ಓಲಾಡುತ್ತದೆ. ಅತ್ತಿಗೆಗೆ ಮಾತ್ರ ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿಯುವುದು ಗೊತ್ತಿತ್ತು. ಇದೇ ಹೊತ್ತಿಗೆ ಅಲ್ಲಿ ಕೂತು, ಒಂದು ಚಪ್ಪಲಿ ಕಳಚಿ, ಕಾಗದದ ಚೀಲಗಳನ್ನು ಮಡಿಸುತ್ತಿದ್ದಳು.

ಬೆಣ್ಣೆಯಿಲ್ಲದೆ ಒಂದು ತುಂಡು ಬ್ರೆಡ್ಡು ಕೇಳಿದರು. ತಿಂದರು. ಎದ್ದು ಕೌಂಟರಿಗೆ ಬಂದು ಹೇಳಿದರು:

"ಹುಳಿ ತುಂಬಾ ಜಾಸ್ತಿ. ಹಿಟ್ಟು ಹೊರಗೆ ಹೆಚ್ಚು ಹೊತ್ತು ನಿಂತಿದೆ. ತಳ ಸರಿಯಾಗಿ ಬೆಂದಿಲ್ಲ. ಮಾಡಿದವರಿಗೆ ಹೇಳಿ."

ಹೋದರು.

ಸಂಜೆ ಕಿಂಡಿಯ ಮುಂದೆ ನಿಂತು ಇದ್ದ ಹಾಗೆ ಹೇಳಿದೆ.

ಅಣ್ಣ ಬಕೆಟ್ಟಿನಿಂದ ಎದ್ದ. "ಇನ್ನೊಂದ್ಸಲ ಹೇಳು."

ಹೇಳಿದೆ.

"ಪ್ರಾಸ ಇಲ್ಲ" ಅಂದ. ಕಿಂಡಿಯೊಳಗೆ ತಲೆ ತೂರಿಸಿ ನನ್ನನ್ನು ನೋಡಿದ. "ಇದು ನಿನ್ನ ಮಾತಲ್ಲ. ಹಾಗಾದ್ರೆ ನಿಜ ಇರ್ಬೇಕು."

ಹಿಟ್ಟಿನ ಡಬ್ಬಿಯನ್ನು ಆಗಲೇ ಫ್ರಿಜ್ಜಿಗೆ ಸೇರಿಸಿದ.

ಜುಲೈ 5, ಶನಿವಾರ

ಛತ್ರಿಯವರು ಮತ್ತೆ ಬಂದಿದ್ದರು. ಹುಳಿ ಇಳಿದಿದೆ ಅಂದರು. ಇನ್ನೂ ಇಳಿಯಬೇಕು. ತಳ ಪರವಾಗಿಲ್ಲ.

ಅಣ್ಣ ಊಟಕ್ಕೆ ಎದ್ದದ್ದು ತಡವಾಯಿತು. ಓವನ್ನಿನ ಒಳಗೆ ಬ್ರೆಡ್ಡು ಬೇಯುವ ಕಲ್ಲನ್ನು ಸರಿಸಿ ಸರಿಸಿ ನೋಡುತ್ತಿದ್ದ.

ಜುಲೈ 10, ಗುರುವಾರ

ಮೂಲೆ ಟೇಬಲ್ಲಿನವರು ಇವತ್ತು ಹೇಳಿದ್ದು: "ಹುಳಿ ಸರಿಗೆ ಬಂದಿದೆ. ಈಗ ಉಪ್ಪು ಮೇಲೆ ಕಾಣ್ತಿದೆ. ಇಷ್ಟು ದಿನ ಹುಳಿ ಅದನ್ನ ಮುಚ್ಚಿಟ್ಟಿತ್ತು. ಒಂದು ಚಿಟಿಕೆ ಇಳಿಸಿ."

ಅಣ್ಣನಿಗೆ ಇದು ಬಹಳ ಹಿಡಿಸಿತು. "ಹುಳಿ ಹೋದ ಮೇಲೆ ಉಪ್ಪು ಕಾಣೋದು... ಅಷ್ಟು ಸೂಕ್ಷ್ಮ ಯಾರು ನೋಡ್ತಾರೆ ಹೇಳು? ಎಲ್ಲಿಯವರಂತೆ? ಏನು ಕೆಲಸ?"

"ಕೇಳಿಲ್ಲ."

"ಮುಖ ಹೇಗಿದೆ?"

"ಮುಖದ ಹಾಗಿದೆ."

"ಕತ್ತೆ. ಸರಿಯಾಗಿ ಹೇಳು."

"ಕನ್ನಡಕ. ನೀಲಿ ಛತ್ರಿ. ನಗಲ್ಲ. ತಿನ್ನುವಾಗ ಕಣ್ಣು ಮುಚ್ಚುತ್ತಾರೆ."

ಅಣ್ಣ ಕಿಂಡಿಯಿಂದ ಬಗ್ಗಿ ಮೂಲೆ ಟೇಬಲ್ಲಿನ ಕಡೆ ನೋಡಿದ.

ಗುಡುಗಮ್ಮ ಕೇಳಿಸಿಕೊಂಡಿದ್ದಾಳೆ. "ಯಾರಕ್ಕ ಅವರು? ಮೂಲೆ ಟೇಬಲ್ಲಿಗೆ ನಾನು ಕಾಫೀನೇ ಕೊಟ್ಟಿಲ್ವಲ್ಲ!"

"ಅವರು ಕಾಫಿ ಕುಡಿಯಲ್ಲ. ನೀರು ಅಷ್ಟೆ."

"ಕಾಫಿ ಅಂಗಡಿಗೆ ಬಂದು ನೀರು ಕುಡೀತಾರಾ?" ಅವಳಿಗೆ ಆದ ಅವಮಾನಕ್ಕೆ ಯಂತ್ರ ಆರಿಸುವ ತನಕ ಗುಡುಗಿತು.

ಜುಲೈ 19, ಶನಿವಾರ

ಮೇಷ್ಟ್ರು ಬಂದರು! ಗಾಜಿನಾಚೆ ನಿಂತು ಒಂದು ನಿಮಿಷ ಮೂಸಿದರು— ಹೌದು, ಬೀದಿಯಲ್ಲಿ ನಿಂತು ಗಾಳಿ ಮೂಸಿದರು— ಆಮೇಲೆ ಒಳಗೆ ಬಂದರು. ತುಂಡು ಕೊಟ್ಟೆ. ಅಗಿದರು. ಇನ್ನೊಂದು ಕೇಳಿದರು. ಅದು ಎಂದೂ ಇಲ್ಲ.

"ನೂರಕ್ಕೆ ಎಂಬತ್ತೊಂದು. ಈಗ ಮಾರ್ಕ್ಸ್ ಒಳಗೆ ತಲುಪ್ತಿದೆ."

ಡಾಕ್ಟರು ಪಕ್ಕದಲ್ಲೇ ಇದ್ದರು. "ಮೇಷ್ಟ್ರೇ, ಹಲ್ಲು ಜೋಪಾನ. ಅದಕ್ಕೂ ಮಾರ್ಕ್ಸ್ ಹಾಕೋ ದಿನ ಬರುತ್ತೆ."

ಮಗುವಿನ ತಾಯಿಯೂ ಬಂದಿದ್ದಳು. ಮಗು ಚೀಲದೊಳಗೆ ಕೈ ಹಾಕಿ ಬೀದಿಯಲ್ಲೇ ಮುರಿದುಕೊಂಡು ತಿಂದಿತು. ಅದಕ್ಕಿಂತ ಚಿಕ್ಕ ವಿಮರ್ಶೆಯನ್ನು ನಾನು ಓದಿಲ್ಲ.

ಇದನ್ನೆಲ್ಲ ಸಂಜೆ ಹೇಳಿದೆ. ಎಲ್ಲ ನಿಜ, ಒಂದಕ್ಷರ ತಿದ್ದದೆ. ಅಣ್ಣ ತಲೆಯಾಡಿಸಿದ. ಆಮೇಲೆ ಕೇಳಿದ:

"ಸರಿ. ಅವರು ಏನಂದ್ರು?"

ಅವರು ಮೊದಲು ವಾರಕ್ಕೆ ಒಂದೆರಡು ಸಲ ಬರುತ್ತಿದ್ದವರು. ಈಗ ದಿನಾ ಬರುತ್ತಾರೆ. ಅಣ್ಣ ದಿನಾ ಕೇಳುತ್ತಾನಲ್ಲ.

ಬ್ರೆಡ್ಡು ಕತ್ತರಿಸಲು ಡ್ರಾಯರಿನಿಂದ ಅತ್ತಿಗೆಯ ಚಾಕು ತೆಗೆದೆ. ಫೆಬ್ರವರಿಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಹರಿತ ಹಾಗೇ ಇದೆ.

ಜುಲೈ 24, ಗುರುವಾರ

ಕಿಂಡಿ. ಸಂಜೆ. ಮೂಲೆ ಟೇಬಲ್ಲಿನವರು "ಇವತ್ತಿನದಕ್ಕೆ ಸ್ವಲ್ಪ ಆತುರ ಆಗಿದೆ, ಒಳಗೆ ಇನ್ನೂ ಹಸಿ" ಅಂದಿದ್ದರು. ಹೇಳಿದೆ.

ಅಣ್ಣ ಕೈಗೆ ಹತ್ತಿದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದ.

"ನಿನ್ನ ಅತ್ತಿಗೆ ಥರಾನೇ ಮಾತಾಡ್ತಾರೆ."

ನಾನು ಶಟರಿನ ಕೀಲಿಕೈ ಹುಡುಕಿದೆ.

"ಅವರಿಂದ ಓವನ್ ಉರೀತಿದೆ ಕಣೇ. ಈ ತಿಂಗಳು ಮುಗಿದ ಮೇಲೆ ಆರಿಸ್ತೀನಿ ಅಂದಿದ್ದೆ. ಇನ್ನು ಆ ಮಾತಿಲ್ಲ." ನಿಂತ. "ಅವರಿಗೆ ಅಂತಲೇ ಒಂದು ಬ್ರೆಡ್ ಮಾಡ್ತೀನಿ. ಮುಂದಿನ ಗುರುವಾರ. ನಾನೇ ಹೊರಗೆ ಬಂದು ಕೊಡ್ತೀನಿ."

"ನೀನಾ? ಹೊರಗಾ?"

"ಯಾಕೆ, ಕಾಲಿಲ್ವಾ ನಂಗೆ?"

"ಕೈ ನಡುಗುತ್ತೆ ಅಂತಿದ್ದೆ..."

"ನಡುಗ್ಲಿ. ಅವರು ನನ್ನ ಕೈ ನೋಡಿಲ್ವಾ ದಿನಾ?"

ಜುಲೈ 28, ಸೋಮವಾರ

ಅವರಿಗೆ ನೆಗಡಿ, ಈ ವಾರ ಬರುವುದು ಅನುಮಾನ ಅಂತ ಹೇಳಿ ನೋಡಿದೆ.

ಅಣ್ಣನ ಮುಖ ಬಿಳಿಚಿತು. "ನೆಗಡೀನಾ? ಜ್ವರ ಇದ್ಯಾ? ನೋಡು, ಉದಾಸೀನ ಮಾಡ್ಬೇಡಿ ಅಂತ ಹೇಳು ಅವರಿಗೆ. ಡಾಕ್ಟರಿಗೆ ತೋರಿಸೋಕೆ ಹೇಳು. ಮೂಗು... ಒಂದ್ಸಲ ಹೋದ್ರೆ..."

ಶುಂಠಿ ಹಾಕಿದ ಬಿಸ್ಕತ್ತು ಒಂದು ಡಬ್ಬಿ ಕಿಂಡಿಯಿಂದ ಬಂತು. "ಅವರ ಮನೆಗೆ ತಲುಪಿಸು. ವಾಸಿಯಾಗೋ ತನಕ ಕಾಯ್ತೀನಿ. ಎಷ್ಟು ಗುರುವಾರ ಆದ್ರೂ ಸರಿ."

ಡಬ್ಬಿ ನನ್ನ ಚೀಲದಲ್ಲಿದೆ. ತೆರೆದಿಲ್ಲ.

ಜುಲೈ 30, ಬುಧವಾರ

ನೆಗಡಿ ವಾಸಿಯಾಯಿತು ಅಂದೆ. ಇನ್ನೇನು ಅನ್ನಲಿ.

ಅಣ್ಣ ಕ್ಷೌರ ಮಾಡಿಸಿಕೊಂಡು ಬಂದಿದ್ದಾನೆ. ಅಂಗಿಗೆ ಇಸ್ತ್ರಿ. ಗುಡುಗಮ್ಮನನ್ನು ಕರೆದು "ನಾಳೆ ಮೂಲೆ ಟೇಬಲ್ ಚೆನ್ನಾಗಿ ಒರೆಸಮ್ಮ" ಅಂದ. ಅವಳು ನನ್ನನ್ನು ನೋಡಿದಳು. ನಾನು ಪೇಪರ್ ಚೀಲ ಎಣಿಸುತ್ತಿದ್ದೆ. ಎಣಿಕೆ ತಪ್ಪಿತು.

ಜುಲೈ 31, ಗುರುವಾರ. ಸಂಜೆ

ಬರೆಯುತ್ತೇನೆ. ನಿಧಾನಕ್ಕೆ.

ಹತ್ತೂವರೆಗೇ ಅಣ್ಣ ಹೊರಗೆ ಬಂದ. ಅಡುಗೆಕೋಣೆಯ ಬಾಗಿಲಿನಿಂದ, ಏಪ್ರನ್ ಇ‍ಲ್ಲದೆ, ಎರಡೂ ಕೈಯಲ್ಲಿ ಬಟ್ಟೆ ಸುತ್ತಿದ ಬ್ರೆಡ್ಡು. ಬೆಳಕಿಗೆ ಕಣ್ಣು ಕಿರಿದು ಮಾಡಿದ. ತನ್ನದೇ ಅಂಗಡಿಯನ್ನು ಹೊಸ ಊರಿನ ಹಾಗೆ ನೋಡಿದ. ಡಾಕ್ಟರು ಕಾಫಿ ಕಪ್ಪು ಕೆಳಗಿಟ್ಟರು. "ಓಹೋ, ಇವರೇನಾ! ನಾನು ಕಿಂಡಿಯೊಳಗೆ ಬರೀ ಕೈ ಮಾತ್ರ ಇದೆ ಅಂದ್ಕೊಂಡಿದ್ದೆ." ಅಣ್ಣ ನಕ್ಕ. ಕೈ ನಡುಗುತ್ತಿತ್ತು. ಮೂಲೆ ಟೇಬಲ್ಲಿಗೆ ಹೋಗಿ ಗೋಡೆ ಕಡೆಯ ಕುರ್ಚಿಯಲ್ಲಿ ಕೂತ. ಬಾಗಿಲ ಕಡೆಯ ಕುರ್ಚಿಯನ್ನು ಅವರಿಗೆ ಬಿಟ್ಟ. ಬ್ರೆಡ್ಡು ನಡುವೆ ಇಟ್ಟ. ಟೇಬಲ್ಲು ಓಲಾಡಿತು. ಕೈಯಿಂದ ಹಿಡಿದ. ಮತ್ತೆ ಓಲಾಡಿತು.

ಹನ್ನೊಂದಾಯಿತು. ಬಾಗಿಲ ಗಂಟೆ ಸದ್ದಾದಾಗಲೆಲ್ಲ ಅಣ್ಣ ಅರ್ಧ ಏಳುತ್ತಿದ್ದ. ಮಗುವಿನ ತಾಯಿ. ಕೂತ. ಅಂಚೆಯವನು. ಕೂತ. ಛತ್ರಿ ಹಿಡಿದ ಒಬ್ಬಾಕೆ ಬಂದು ದಾರಿ ಕೇಳಿ ಹೋದಳು. ಆಗ ಅವನು ಪೂರ್ತಿ ಎದ್ದು ನಿಂತಿದ್ದ. ಆಕೆ ಹೋದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದ.

ಡಾಕ್ಟರು ಹೋದರು. ಅಂಗಡಿ ಖಾಲಿಯಾಯಿತು. ಗುಡುಗಮ್ಮ ಯಂತ್ರ ಆರಿಸಿ ಸದ್ದಿಲ್ಲದೆ ಹಿತ್ತಲಿಗೆ ಹೋದಳು. ಅವಳಿಗೆ ಅಷ್ಟು ಮೆತ್ತಗೆ ನಡೆಯಲು ಬರುತ್ತದೆ ಅಂತ ಗೊತ್ತಿರಲಿಲ್ಲ.

"ನಾನು ಇಲ್ಲಿ ಕೂತಿದ್ದಕ್ಕೇ ಬರಲಿಲ್ವೇನೋ" ಅಂದ ಅಣ್ಣ. ನನಗಲ್ಲ, ಬ್ರೆಡ್ಡಿಗೆ. "ಸಂಕೋಚ ಆಗಿರುತ್ತೆ. ನಾನು ಒಳಗೇ ಇರಬೇಕಿತ್ತು."

ನನ್ನ ಬಾಯಲ್ಲಿ ಒಂದು ಪ್ರಾಸ ಸಿದ್ಧವಿತ್ತು. ಒಳ್ಳೆಯ ಪ್ರಾಸ. ಅವನನ್ನು ನಗಿಸುತ್ತಿತ್ತು. ಮತ್ತೆ ಒಳಗೆ ಕಳಿಸುತ್ತಿತ್ತು. ನಾಳೆಯಿಂದ ಅವರು ಮತ್ತೆ ದಿನಾ ಬರಬಹುದಿತ್ತು.

ಡ್ರಾಯರ್ ತೆರೆದೆ. ಚಾಕು ತಗೊಂಡೆ. ಹೋಗಿ ಬಾಗಿಲ ಕಡೆಯ ಕುರ್ಚಿಯಲ್ಲಿ ಕೂತೆ. ಮೊಣಕಾಲಿನಿಂದ ಗಿಡ್ಡ ಕಾಲನ್ನು ಒತ್ತಿದೆ. ಟೇಬಲ್ಲು ನಿಂತಿತು.

ಅಣ್ಣ ಟೇಬಲ್ಲಿನ ಕೆಳಗೆ ನೋಡಿದ. ಆಮೇಲೆ ನನ್ನನ್ನು.

ತುದಿ ಕತ್ತರಿಸಿದೆ. ಬಾಯಿಗಿಟ್ಟೆ. ಕಣ್ಣು ಮುಚ್ಚಿದೆ. ಮುಚ್ಚಿದ್ದು ರುಚಿಗಲ್ಲ, ಅವನ ಮುಖ ಕಾಣಬಾರದು ಅಂತ. ಆದರೆ ಮುಚ್ಚಿದ ಮೇಲೆ ರುಚಿ ಬಂತು.

"ಉಪ್ಪು ಕಡಿಮೆ ಅಣ್ಣ. ಗಾಬರೀಲಿ ಅರ್ಧ ಮರ್ತಿದೀಯ. ಹುಳಿ ಸರಿಯಾಗಿದೆ. ತಳ ಚೆನ್ನಾಗಿ ಬೆಂದಿದೆ."

ಕಣ್ಣು ತೆರೆದೆ. ಅಣ್ಣನ ಎರಡೂ ಕೈ ಟೇಬಲ್ಲಿನ ಮೇಲೆ, ಹಿಟ್ಟಿಲ್ಲದೆ, ಬರಿದಾಗಿ. ಅವನು ನನ್ನ ಹಿಂದಿನ ಬಾಗಿಲನ್ನು ಇನ್ನೊಮ್ಮೆ ನೋಡಿದ. ಕೊನೇ ಸಲ ನೋಡುವವರ ಹಾಗೆ. ಕಣ್ಣು ತುಂಬಿತ್ತು. ಅತ್ತಿಗೆ ಎರಡನೇ ಸಲ ಹೋದಳು ಅನ್ನಿಸಿತು ನನಗೆ. ಈ ಸಲ ಕಳಿಸಿದವಳು ನಾನು.

ಆಮೇಲೆ ಎದ್ದ. ಹೂಜಿಯಿಂದ ಒಂದು ಲೋಟಕ್ಕೆ ನೀರು ಬಗ್ಗಿಸಿದ. ತಂದು ನನ್ನ ಮುಂದಿಟ್ಟ.

"ಕಾಫಿ ಕುಡಿಯಲ್ಲ ಅಂದಿದ್ದೆಯಲ್ಲ ಅವರು" ಅಂದ.

ಒಳಗೆ ಹೋದ.

ಸಭಿಕರೇ, ಎದ್ದು ಹೋಗಿ. ಸಭೆ ಇಲ್ಲ. ಇರಲೇ ಇಲ್ಲ. ಮೂಲೆ ಟೇಬಲ್ಲಿಗೆ ಎಂದೂ ಯಾರೂ ಬರಲಿಲ್ಲ. ಕನ್ನಡಕವಿಲ್ಲ, ಕಂದೋ ನೀಲಿಯೋ ಛತ್ರಿಯಿಲ್ಲ. ಜುಲೈ ಮೂರರಿಂದ ಅವರ ಬಗ್ಗೆ ಇಲ್ಲಿ ಬರೆದದ್ದೆಲ್ಲ ಸುಳ್ಳು. ಬೆಳಿಗ್ಗೆ ಶಟರ್ ಎತ್ತುವ ಮುಂಚೆ, ಗೋಡೆಗೆ ಮುಖ ಮಾಡಿ ನಿಂತು, ಕದ್ದು ತಿಂದವಳು ನಾನು. ಇಲ್ಲಿ ನಿಜ ಬರೆದಿದ್ದರೆ ಸಂಜೆ ಕಿಂಡಿಯ ಮುಂದೆ ಅವರ ಮಾತು ಬಾಯಿಗೆ ಬರುತ್ತಿರಲಿಲ್ಲ. ನನ್ನ ಬಾಯಿಂದ ಹೇಳಬಹುದಿತ್ತು. ಹೇಳಿದ್ದರೆ ಆ ಕುರ್ಚಿಯಲ್ಲಿ ನಾನು ಕೂರಬೇಕಾಗುತ್ತಿತ್ತು. ಆಮೇಲೆ ಅದು ಅತ್ತಿಗೆಯದಾಗಿ ಉಳಿಯುತ್ತಿರಲಿಲ್ಲ.

ಕಿಂಡಿಯಲ್ಲಿ ಸದ್ದು. ಅಣ್ಣ ನಾಳೆಯ ಹಿಟ್ಟಿನ ಡಬ್ಬಿ ತಂದಿಟ್ಟಿದ್ದಾನೆ. ಮುಚ್ಚಳ ತೆಗೆದಿದ್ದಾನೆ. ಕರೆಯುತ್ತಿಲ್ಲ. ಸುಮ್ಮನೆ ನಿಂತಿದ್ದಾನೆ.

ಇಲ್ಲಿಗೇ ವಾಸನೆ ಬರುತ್ತಿದೆ. ಸ್ವಲ್ಪ ಹುಳಿ, ಸ್ವಲ್ಪ... ಏನೆಂದು ಹೇಳಲಿ, ಅವಳು ಏನನ್ನುತ್ತಿದ್ದಳೋ, ಇಲ್ಲ, ನನಗೆ ಅನ್ನಿಸಿದ್ದು—